ಕೆಳಗಿನ ಮನೆಯ ಪಟ್ಟಿ

"ಪಟ್ಟಿ ಹಾಕವ್ರಂತೆ. ಹೋಗಿ ನೋಡ್ಕಂಡ್ ಬನ್ನಿ. ಕೆಳಗಿನ ಮನೆ ಬಂದೈತಾ ಕೇಳಿ."

ನನ್ನ ಹೆಂಡತಿ ನನಗೆ ಕೊನೆಯದಾಗಿ ಹೇಳಿದ್ದು ಇಷ್ಟು. ದೊಡ್ಡ ಮಾತೇನಲ್ಲ. ಕೊನೆಯದು ಅಂತ ಗೊತ್ತಿದ್ದರೆ ಬೇರೆ ಏನಾದರೂ ಹೇಳುತ್ತಿದ್ದಳೋ ಏನೋ. ಇಲ್ಲ ಅನ್ನಿಸುತ್ತದೆ. ಅವಳಿಗೆ ಬೇಕಿದ್ದದ್ದು ಕೆಳಗಿನ ಮನೆ.

ಹೊಸೂರಿಗೂ ಕೃಷ್ಣಗಿರಿಗೂ ನಡುವೆ ನಮ್ಮ ಪೇಟೆ. ಅಲ್ಲಿ ನಾನು ನೀರು ಬಿಡುವವನಾಗಿದ್ದೆ. ಉದ್ದ ಕಬ್ಬಿಣದ ಕೀಲಿ ಹಿಡಿದು ಬೀದಿ ಬೀದಿ ಹೋಗಿ ವಾಲ್ವ್ ತಿರುಗಿಸುವುದು. ನನ್ನನ್ನು ಹೆಸರು ಹಿಡಿದು ಯಾರೂ ಕರೆಯಲಿಲ್ಲ. ನೀರಣ್ಣ ಅಂತಿದ್ದರು. ಮನೇಲಿ ಅವಳು "ಇಲ್ ಕೇಳಿ" ಅಂತಿದ್ದಳು. ನಾನು "ಇವಳೇ" ಅಂತಿದ್ದೆ. ಮಕ್ಕಳಿಲ್ಲ. ಇಬ್ಬರಿಗೆ ಅಷ್ಟು ಸಾಕಾಗಿತ್ತು.

ಕೆಲಸದವರಿಗೆ ಅಂತ ಕಟ್ಟಿದ ಲೈನ್ ಮನೆಗಳಲ್ಲಿ ನಮ್ಮ ವಾಸ. ಒಂದಕ್ಕೊಂದು ಅಂಟಿಕೊಂಡ ಇಪ್ಪತ್ತು ಮನೆ, ಮೇಲೆ ಶೀಟು. ಅದನ್ನು ಕೆಡವಿ ನಾಲ್ಕು ಮಹಡಿ ಕಟ್ಟಿ, ಇರುವವರಿಗೆಲ್ಲ ಒಂದೊಂದು ಮನೆ ಕೊಡಬೇಕು ಅಂತ ಕೌನ್ಸಿಲ್ ತೀರ್ಮಾನ ಮಾಡಿತು. ಆಮೇಲೆ ನಡೆದದ್ದನ್ನು ಬರೆಯುತ್ತೇನೆ. ಐದನೇ ಕ್ಲಾಸಿನವರೆಗೆ ಕನ್ನಡ ಸ್ಕೂಲಲ್ಲಿ ಓದಿದವನು ನಾನು. ತಪ್ಪಿದ್ದರೆ ತಿದ್ದಿಕೊಂಡು ಓದಿ. ನಮ್ಮ ಲೈನಲ್ಲಿ ನಲ್ಲಿ ನೀರು ನಿಲ್ಲುತ್ತದೆ, ಇಂಥ ಕಥೆ ನಿಲ್ಲುವುದಿಲ್ಲ.

ಒಗೆಯೋ ಕಲ್ಲು

ತೀರ್ಮಾನ ಆದ ತಿಂಗಳೇ ಭೂಮಿಪೂಜೆ. ಲೈನ್ ಮುಂದಿನ ಖಾಲಿ ಜಾಗದಲ್ಲಿ ಗುಂಡಿ ತೋಡಿದರು. ಆಗಿನ ಚೇರ್ಮನ್ ಬಂದರು. ಸಾನಮಾವು ಕಾಡಿಂದ ಆನೆ ಇಳಿದರೂ ಅಷ್ಟು ಜನ ಸೇರುವುದಿಲ್ಲ. ಒಂದು ಚಪ್ಪಡಿ ಕಲ್ಲು ನೆಟ್ಟರು. ಅದರ ಮೇಲೆ ಚೇರ್ಮನ್ ಹೆಸರು, ಕೌನ್ಸಿಲರ್‌ಗಳ ಹೆಸರು, ಹಳದಿ ಬಣ್ಣದಲ್ಲಿ. ಎಲ್ಲರಿಗೂ ಲಾಡು ಕೊಟ್ಟರು. ಹೋದರು.

ಆಮೇಲೆ ಯಾರೂ ಬರಲಿಲ್ಲ. ಮಳೆಗಾಲ ಬಂತು. ಗುಂಡಿ ಮುಚ್ಚಿಕೊಂಡಿತು. ಕಲ್ಲು ಮಲಗಿತು. ನನ್ನ ಹೆಂಡತಿ ದಿನಾ ಅದನ್ನೇ ನೋಡುತ್ತಿದ್ದಳು. ಆಗ ಅವಳಿಗೆ ಮಂಡಿ ಸರಿ ಇತ್ತು. ಒಂದು ದಿನ ಇಬ್ಬರು ಹೆಂಗಸರನ್ನು ಜೊತೆ ಮಾಡಿಕೊಂಡು ಕಲ್ಲನ್ನು ಉರುಳಿಸಿ ತಂದು ನಲ್ಲಿ ಪಕ್ಕ ಹಾಕಿದಳು. ಒಳ್ಳೆ ಕಲ್ಲು. ಇಪ್ಪತ್ತು ಮನೆ ಬಟ್ಟೆ ಅದರ ಮೇಲೇ ಒಗೆದದ್ದು.

ಎಲೆಕ್ಷನ್ ಆಯಿತು. ಹೊಸ ಚೇರ್ಮನ್ ಬಂದರು, ಹೆಂಗಸು. ಎರಡನೇ ಸಲ ಪೂಜೆ ಅಂತ ಆಯಿತು. ಓವರ್‌ಸಿಯರ್ ಹಳೇ ಕಲ್ಲು ಹುಡುಕಿಕೊಂಡು ಲೈನಿಗೆ ಬಂದ. ರೆಕಾರ್ಡಲ್ಲಿ ಕಲ್ಲಿದೆ, ಜಾಗದಲ್ಲಿ ಕಲ್ಲಿಲ್ಲ. ನನ್ನ ಹೆಂಡತಿ ನೆನೆಸಿದ ಬಟ್ಟೆ ಪಕ್ಕಕ್ಕೆ ಎತ್ತಿ ತೋರಿಸಿದಳು. ಅವನು ಒಂದು ಚೊಂಬು ನೀರು ಸುರಿದು ಬಗ್ಗಿ ನೋಡಿದ. ಒಂದಕ್ಷರ ಇಲ್ಲ.

"ಹೆಸರೆಲ್ಲ ಎಲ್ಲಮ್ಮಾ?"

"ಒಗುದ್ರೆ ಹೋಗೋ ಹೆಸ್ರು ಬರ್ಸವ್ರೆ, ನಾನೇನ್ ಮಾಡ್ಲಿ? ಈ ಸಲ ಕೆತ್ಸಿ ಅಂತ ಹೇಳಪ್ಪ. ನಮ್ಗೂ ಬಟ್ಟೆ ಉಜ್ಜೋಕೆ ಚೆನ್ನಾಗಿರ್ತದೆ."

ಹೊಸ ಕಲ್ಲು ಕೆತ್ತಿಸಿಯೇ ಹಾಕಿದರು. ಸಿಮೆಂಟು ಹಾಕಿ ಭದ್ರ ಮಾಡಿದರು. ಸಿಮೆಂಟು ಒಣಗೋ ತನಕ ಒಬ್ಬನನ್ನು ಕಾವಲಿಗೂ ಕೂರಿಸಿದರು.

ನೀರು ಹತ್ತತಕ್ಕದ್ದು

ಕೌನ್ಸಿಲ್ ಮೀಟಿಂಗ್ ಇದ್ದಾಗ ನಾನು ಹಿಂದಿನ ಬೆಂಚಲ್ಲಿ ಕೂತಿರಬೇಕು. ಯಾರಾದರೂ ನೀರಿನ ಮಾತೆತ್ತಿದರೆ ಉತ್ತರ ಹೇಳಲಿಕ್ಕೆ. ಹೊಸ ಮನೆಗಳ ಪ್ಲಾನು ಬಂದ ದಿನವೂ ಕೂತಿದ್ದೆ.

ಕೆಡವುವುದಕ್ಕೆ ಎರಡು ನಿಮಿಷದಲ್ಲಿ ಒಪ್ಪಿದರು. ಗೋಡೆಗೆ ಯಾವ ಬಣ್ಣ ಅನ್ನುವುದಕ್ಕೆ ಮಧ್ಯಾಹ್ನದ ಊಟದ ತನಕ ಜಗಳ. ಒಂದು ಬಣ್ಣ ಹೇಳಿದರೆ ಅದು ಆ ಪಾರ್ಟಿಯದು. ಇನ್ನೊಂದು ಹೇಳಿದರೆ ಈ ಪಾರ್ಟಿಯದು. ಕೊನೆಗೆ ಯಾವ ಪಾರ್ಟಿಗೂ ಬೇಡದ ಒಂದು ಬಣ್ಣ ಸಿಕ್ಕಿತು. ನಮ್ಮ ಲೈನಿನ ಗೋಡೆ ಮಳೆಗೆ ನೆಂದಾಗ ಬರುತ್ತದಲ್ಲ, ಆ ಬಣ್ಣ.

ನಾನು ಎದ್ದು ನಿಂತು ಕೇಳಿದೆ. "ನಾಲ್ಕನೇ ಮಹಡಿಗೆ ನೀರು ಹೆಂಗೆ ಹತ್ತುತ್ತೆ ಸಾರ್? ಈಗ ನೆಲದ ಮೇಲಿರೋ ನಲ್ಲೀಗೇ ಸರಿಯಾಗಿ ಬರ್ತಿಲ್ಲ."

ಒಬ್ಬ ಕೌನ್ಸಿಲರ್ ಹೇಳಿದರು: "ನೀನು ವಾಲ್ವ್ ತಿರುಗಿಸೋನು. ತಿರುಗ್ಸು. ಹತ್ತೋ ಕೆಲಸ ನೀರು ನೋಡ್ಕೊಳ್ತದೆ."

ಕೂತುಕೊಂಡೆ. ಆದರೂ ನಾನು ಕೇಳಿದ್ದು ಬರವಣಿಗೆಗೆ ಹೋಗಿತ್ತು. ಉತ್ತರ ಬೇಕಲ್ಲ. ನಾಲ್ಕನೇ ಮಹಡಿಗೂ ನೀರು ಹತ್ತತಕ್ಕದ್ದು ಅಂತ ಒಂದು ತೀರ್ಮಾನ ಬರೆದು ಕೈ ಎತ್ತಿ ಪಾಸು ಮಾಡಿದರು. ಒಬ್ಬರೂ ವಿರೋಧ ಇಲ್ಲ.

ಮನೆಗೆ ಬಂದು ಹೇಳಿದೆ. ಅವಳು ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ರಾಯಕೋಟೆ ಕಡೆಯವಳು. ಚಿಕ್ಕವಳಿದ್ದಾಗ ಕೋಟೆ ಬೆಟ್ಟ ಹತ್ತಿ ಸೌದೆ ಹೊತ್ತ ಮಂಡಿ. ಅಷ್ಟೊತ್ತಿಗೆ ಹೊಸಲು ದಾಟುವುದೂ ಕಷ್ಟ ಆಗಿತ್ತು.

"ನೀರಿಗೆ ಹೇಳವ್ರಾ ಯಾರಾದ್ರೂ?" ಅಂದಳು.

"ಇಲ್ಲ."

"ನಂಗೂ ಯಾರೂ ಹೇಳಿಲ್ಲ. ಹತ್ತಾಕಾಗಲ್ಲ ಅಂದ್ರೆ ಆಗಲ್ಲ. ನಾನೂ ನೀರೂ ಕೆಳಗೇ ಇರ್ತೀವಿ. ನೀವು ಬೇಕಾರೆ ಹತ್ತಿ."

ಬುದ್ಧಿವಂತೆ ಹುಡುಗಿ

ಮನೆ ಯಾರಿಗೆ ಕೊಡಬೇಕು ಅಂತ ಸರ್ವೆ ಮಾಡಲಿಕ್ಕೆ ಒಂದು ಹುಡುಗಿ ಬಂದಳು. ಕೈಯಲ್ಲಿ ಟ್ಯಾಬು. ಮದುರೆಗೂ ಆಚೆಯ ಊರಿನವಳು. ಕನ್ನಡ ಬಾರದು. ಮನೆ ಹೆಂಗಸರ ಹೆಸರಿಗೇ ಅಂತ ಕೌನ್ಸಿಲ್ ಹೇಳಿತ್ತು. ಹಂಗಾಗಿ ಹೆಂಗಸರನ್ನೇ ಕೇಳಬೇಕು.

ಅವಳು ನಮ್ಮ ಮನೆಗೆ ಬಂದಾಗ ನಾನಿರಲಿಲ್ಲ. ಅದು ನಮ್ಮ ಬೀದಿ ನೀರಿನ ದಿನ. ವಾಲ್ವ್ ಹತ್ತಿರ ನಾನೇ ನಿಂತಿದ್ದೆ. ಅಕ್ಕಪಕ್ಕದವರೆಲ್ಲ ಕೊಡ ಹಿಡಿದು ನಲ್ಲಿ ಮುಂದೆ. ಮನೇಲಿದ್ದದ್ದು ನನ್ನ ಹೆಂಡತಿ ಒಬ್ಬಳೇ. ಸಾಯಂಕಾಲ ಅವಳು ಹೇಳಿದ್ದು ಇದು.

ಹುಡುಗಿ ತಮಿಳಲ್ಲಿ ಕೇಳಿದಳು, "ವೀಟ್ಟುಕ್ಕಾರರ್ ಪೇರು?" ಗಂಡನ ಹೆಸರು.

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಗಂಡನ ಆಯಸ್ಸು ಕಮ್ಮಿ ಆಗುತ್ತದೆ ಅಂತ. ಈಗಿನ ಹುಡುಗಿಯರು ಹೇಳುತ್ತಾರೆ, ಗಂಡಂದಿರು ಚೆನ್ನಾಗಿಯೇ ಇದ್ದಾರೆ. ಆದರೆ ನನ್ನ ಹೆಂಡತಿ ಮದುವೆಯಾದ ದಿನದಿಂದ ಒಂದು ಸಲವೂ ಹೇಳಿದವಳಲ್ಲ. ಆಸ್ಪತ್ರೇಲಿ, ರೇಷನ್ ಅಂಗಡೀಲಿ ಕೇಳಿದರೆ ಪಕ್ಕದಲ್ಲಿ ನಾನಿರುತ್ತಿದ್ದೆ. ನನ್ನ ಕಡೆ ತಿರುಗುತ್ತಿದ್ದಳು. ನಾನು ಹೇಳುತ್ತಿದ್ದೆ.

ಅವತ್ತು ತಿರುಗಿದಳು. ಅಲ್ಲಿ ಗೋಡೆ ಇತ್ತು.

"ಹೇಳಾಂಗಿಲ್ಲ ಕಣಮ್ಮ," ಅಂದಳಂತೆ. ಹುಡುಗಿ ಮತ್ತೆ ಕೇಳಿದಳು. ಇವಳು ಸೆರಗು ಬಾಯಿಗೆ ಇಟ್ಟುಕೊಂಡಳು. ಹುಡುಗಿ ಟ್ಯಾಬು ತೋರಿಸಿದಳು. ಆ ಜಾಗ ಖಾಲಿ ಬಿಟ್ಟರೆ ಅದು ಮುಂದಕ್ಕೆ ಹೋಗುವುದಿಲ್ಲ. ಬಿಸಿಲು ಏರಿತ್ತು. ಹುಡುಗಿಗೆ ಇನ್ನೂ ಹತ್ತು ಮನೆ ಬಾಕಿ. ಸ್ವಲ್ಪ ಹೊತ್ತು ಯೋಚನೆ ಮಾಡಿ ಏನೋ ಒಂದು ಒತ್ತಿದಳು. ಟ್ಯಾಬು ಮುಂದಕ್ಕೆ ಹೋಯಿತು. ನನ್ನ ಹೆಂಡತಿ ಅವಳಿಗೆ ಮಜ್ಜಿಗೆ ಕೊಟ್ಟು ಕಳಿಸಿದಳು.

"ಬೋ ಬುದ್ಧಿವಂತೆ ಹುಡ್ಗಿ ಕಣ್ರಿ," ಅಂದಳು ನನಗೆ. "ನಿಮ್ಮ ಹೆಸ್ರು ಕೇಳ್ದೇನೇ ಕೆಲ್ಸ ಮುಗಿಸ್ಕಂಡ್ ಹೋದ್ಲು."

ಪಟ್ಟಿ

ಒಂದು ವರ್ಷ ಆದ ಮೇಲೆ ಪಟ್ಟಿ ಹಾಕಿದರು. ಅಷ್ಟೊತ್ತಿಗೆ ನಾನು ರಿಟೈರಾಗಿ ಮನೇಲಿ ಕೂತಿದ್ದೆ. ಬೆಳಿಗ್ಗೆ ಅವಳು ಆ ಮಾತು ಹೇಳಿದಳು. ನಾನು ಆಫೀಸಿಗೆ ಹೋದೆ.

ಗೋಡೆಗೆ ಪಟ್ಟಿ ಅಂಟಿಸಿದ್ದರು. ತಮಿಳು ನನಗೆ ನಿಧಾನ. ಬೆರಳು ಇಟ್ಟು ಓದಿಕೊಂಡು ಬಂದೆ. ಅವಳ ಹೆಸರು ಸಿಕ್ಕಿತು. ಕೆಳಗಿನ ಮನೆ. ಮೂರನೇ ನಂಬರು. ಕುಣಿಯಬೇಕು ಅನ್ನಿಸಿತು. ಪಕ್ಕದ ಕಾಲಂ ನೋಡಿದೆ. ಗಂಡನ ಹೆಸರು ಇರಬೇಕಾದ ಜಾಗ ಖಾಲಿ. ಅದರಾಚೆ ಒಂದು ಪದ. ಎರಡು ಸಲ ಓದಿದೆ. ಕ್ಲರ್ಕನ್ನು ಕರೆದು ಕೇಳಿದೆ. ಅವನು ನನ್ನನ್ನು ಇಪ್ಪತ್ತು ವರ್ಷದಿಂದ ಬಲ್ಲವನು.

"ಇದೇನಪ್ಪಾ ಬರೆದಿರೋದು?"

"ವಿಧವೆ ಅಂತ. ವಿಧವೆಯರಿಗೆ ಕೆಳಗಿನ ಮನೆ ಅಂತ ಕೌನ್ಸಿಲ್ ತೀರ್ಮಾನ ನೀರಣ್ಣ."

"ಈಯಮ್ಮನ ಗಂಡ ನಾನು."

ಅವನು ನನ್ನನ್ನು ನೋಡಿದ. ಪಟ್ಟಿ ನೋಡಿದ. "ನಂಗೆ ಗೊತ್ತು. ಪಟ್ಟಿಗೆ ಗೊತ್ತಿಲ್ಲ. ಸರ್ವೆ ಟೈಮಲ್ಲಿ ಎಲ್ಲೋಗಿದ್ರಿ?"

"ನೀರು ಬಿಡೋಕೆ."

"ಅವತ್ತೊಂದಿನ ಬದುಕಿರಬೇಕಾಗಿತ್ತು," ಅಂದ.

ಮನೆ ತನಕ ನಗುತ್ತಾ ಬಂದೆ. ಬಸ್ ಸ್ಟ್ಯಾಂಡ್ ಹತ್ತಿರ ಒಬ್ಬರು ನಿಂತು ನೋಡಿದರು. ಇವಳಿಗೆ ಹೆಂಗೆ ಹೇಳಬೇಕು ಅಂತ ದಾರೀಲಿ ಜೋಡಿಸಿಕೊಂಡೆ. ಮೊದಲು ಕೆಳಗಿನ ಮನೆ ಬಂತು ಅನ್ನಬೇಕು. ಹೆಂಗೆ ಬಂತು ಅಂತ ಕೇಳುತ್ತಾಳೆ. ನಾನು ಸತ್ತಿದ್ದಕ್ಕೆ ಬಂತು ಅನ್ನಬೇಕು. ನಿನ್ನ ಬುದ್ಧಿವಂತೆ ಹುಡುಗಿ ಕೆಲಸ ಅನ್ನಬೇಕು.

ಲೈನ್ ಮುಂದೆ ಜನ ನಿಂತಿದ್ದರು. ನಮ್ಮ ಬಾಗಿಲಲ್ಲಿ. ಪಕ್ಕದ ಮನೆ ಅಜ್ಜಿ ನನ್ನನ್ನು ನೋಡಿ ಅಳಲಿಕ್ಕೆ ಶುರು ಮಾಡಿತು. ಇವಳು ಎದೆ ಹಿಡಿದುಕೊಂಡು ಕೂತಳಂತೆ. ನೀರು ಕೊಡುವಷ್ಟರಲ್ಲಿ ಆಗಿಹೋಯಿತಂತೆ.

ನಾನು ಜೋಡಿಸಿಕೊಂಡು ಬಂದದ್ದು ನನ್ನ ಹತ್ತಿರವೇ ಉಳಿಯಿತು.

ಎರಡು ಕಾಗದ

ಗಂಡ ಇರುವಾಗಲೇ ಹೋದವಳು. ನಮ್ಮಲ್ಲಿ ಅದಕ್ಕೊಂದು ಮರ್ಯಾದೆ ಇದೆ. ಹಸಿರು ಬಳೆ ತೊಡಿಸಿ, ಹಣೆ ತುಂಬ ಕುಂಕುಮ ಇಟ್ಟು, ಹೂ ಮುಡಿಸಿ ಮುತ್ತೈದೆಯಾಗಿ ಕಳಿಸಿದೆವು. ಪಟ್ಟಿಯಲ್ಲಿ ಮಾತ್ರ ವಿಧವೆ.

ಹದಿಮೂರು ದಿನ ಕಳೆದ ಮೇಲೆ ಮನು, ಅಂದರೆ ಅರ್ಜಿ, ಬರೆಸಿಕೊಂಡು ಅದೇ ಕ್ಲರ್ಕ್ ಹತ್ತಿರ ಹೋದೆ. ಅವನು ಓದಿದ.

"ಸರ್ವೇಲಿ ತಪ್ಪಿದ್ರೆ ಸರ್ವೆಗೆ ಉತ್ತರ ಕೊಟ್ಟೋರೇ ಬಂದು ಹೇಳ್ಬೇಕು. ಕರ್ಕೊಂಡ್ ಬನ್ನಿ ಅವರನ್ನ."

"ಅವಳು ಇಲ್ಲವಲ್ಲಪ್ಪ."

ಅವನು ತಲೆ ತಗ್ಗಿಸಿದ. ನನಗಿಂತ ಅವನಿಗೇ ಬೇಜಾರಾಯಿತು. "ಹಂಗಾದ್ರೆ ಸಾವಿನ ಸರ್ಟಿಫಿಕೇಟ್ ಕೊಡಿ."

ಕೊಟ್ಟೆ. ಅದರಲ್ಲಿ ಅವಳ ಹೆಸರು, ಕೆಳಗೆ ಗಂಡನ ಹೆಸರು. ಅದನ್ನು ಹೇಳಿ ಬರೆಸಿದವನು ನಾನೇ. ಅವನು ಪಟ್ಟಿ, ಸರ್ಟಿಫಿಕೇಟ್, ಎರಡೂ ಕಾಗದ ಪಕ್ಕ ಪಕ್ಕ ಇಟ್ಟುಕೊಂಡು ನೋಡಿದ.

"ನೀರಣ್ಣ, ಆಯಮ್ಮ ಬದುಕಿದ್ದಾಗ ನೀವು ಸತ್ತಿದ್ರಿ. ಆಯಮ್ಮ ಸತ್ತ ಮೇಲೆ ನೀವು ಬದುಕಿದೀರಿ. ಎರಡಕ್ಕೂ ಇದೇ ಸೀಲು."

"ಈಗ ಏನಾಗುತ್ತೆ?"

"ವಿಧವೆ ತೀರಿಕೊಂಡ್ರು, ವಾರಸುದಾರ ಇಲ್ಲ ಅಂತ ಆ ಮನೆ ಕಾಯೋರ ಪಟ್ಟೀಲಿರೋ ಇನ್ನೊಬ್ಬರಿಗೆ ಹೋಗುತ್ತೆ. ಲೈನ್ ಕೆಡವಿದ ಮೇಲೆ ನಿಮಗೆ ಮನೆ ಇಲ್ಲ."

ಮನೆ ಹೋದರೆ ಹೋಗಲಿ ಅನ್ನಿಸಿತು. ಆ ಪದ ಇನ್ನೂ ಗೋಡೆ ಮೇಲಿತ್ತು. ಅದು ನನ್ನನ್ನು ತಿನ್ನುತ್ತಿತ್ತು. ಆಯಸ್ಸು ಕಮ್ಮಿ ಆಗಬಾರದು ಅಂತ ಅಷ್ಟು ವರ್ಷ ಬಾಯಿ ಬಿಗಿಹಿಡಿದವಳು.

"ಕೌನ್ಸಿಲ್ ಮುಂದೆ ಹಾಕ್ತೀನಿ," ಅಂದ ಅವನು. "ಅಕ್ಕಪಕ್ಕದೋರನ್ನ ಸಾಕ್ಷಿಗೆ ಕರ್ಕೊಂಡ್ ಬನ್ನಿ. ಇವರೇ ಗಂಡ, ಇವರ ಹೆಸರು ಇದು ಅಂತ ಹೇಳಿದ್ರೆ ಸಾಕು. ಸುಲಭ."

ಎದ್ದು ನಿಂತವರು

ಲೈನಿನಿಂದ ಹದಿನೆಂಟು ಜನ ಬಂದರು, ಗಂಡ ಹೆಂಡತಿ ಜೋಡಿ ಜೋಡಿಯಾಗಿ. ಒಳ್ಳೆ ಜನ. ಕೂಲಿ ಬಿಟ್ಟು ಬಂದಿದ್ದರು. ಗಂಡಸರು ಮಾತ್ರ ಯಾಕೋ ಗೋಡೆ ಕಡೆ ಮುಖ ಮಾಡಿ ಕೂತಿದ್ದರು.

ಚೇರ್ಮನ್ ಅಮ್ಮ ನನ್ನನ್ನು ಎದ್ದು ನಿಲ್ಲಿಸಿ ಜನರನ್ನು ಕೇಳಿದರು. "ಇವರು ಆಯಮ್ಮನ ಗಂಡ ತಾನೇ?"

"ಹೌದು." ಹದಿನೆಂಟು ಬಾಯಿ, ಒಂದೇ ಮಾತು.

"ಹೆಸರು ಹೇಳಿ."

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬ, "ನೀರಣ್ಣ," ಅಂದ.

"ಅದು ಹೆಸರಲ್ಲ."

"ಮುನಿಯಪ್ಪ ಇರ್ಬೇಕು," ಅಂದ ಇನ್ನೊಬ್ಬ.

"ಏ, ಮುನಿಯಪ್ಪ ಕಸದ ಗಾಡಿಯೋನು ಕಣ್ಲಾ. ಇವ್ನು ಬೇರೆ."

ಪಕ್ಕದ ಮನೆ ಅಜ್ಜಿಯನ್ನು ಮುಂದೆ ಕರೆದರು. ಅಜ್ಜಿಯ ಜೊತೆ ತಾತನೂ ಎದ್ದು ಬಂದ. ತಾತನಿಗೆ ಕಿವಿ ಮಂದ.

"ಎಷ್ಟು ವರ್ಷದಿಂದ ಪಕ್ಕದ ಮನೇಲಿದೀರಮ್ಮಾ?"

"ನಾನ್ ಬಂದಾಗಿಂದ ಅವ್ರೇ ಪಕ್ಕದೋರು."

"ಮತ್ತೆ ಹೆಸರು ಗೊತ್ತಿಲ್ವಾ?"

"ಯಾರ್ ಹೇಳೋರವ್ವಾ? ಅವ್ಳು ಇಲ್ ಕೇಳಿ ಅಂತಿದ್ಲು. ಇವ್ರು ಕೇಳೋರು. ನಂಗ್ಯಾಕ್ ಅದು?"

ಚೇರ್ಮನ್ ಅಮ್ಮ ತಲೆ ಮೇಲೆ ಕೈ ಇಟ್ಟುಕೊಂಡರು. ಆಮೇಲೆ ಅಜ್ಜಿಯನ್ನೇ ನೋಡಿದರು. "ಅಜ್ಜಿ, ನಿಮ್ಮ ಯಜಮಾನರ ಹೆಸರೇನು?"

ಅಜ್ಜಿ ಸೆರಗು ತೆಗೆದು ಬಾಯಿಗೆ ಇಟ್ಟುಕೊಂಡಿತು.

ಚೇರ್ಮನ್ ಅಮ್ಮ ಕ್ಲರ್ಕ್ ಕಡೆ ಕೈ ಚಾಚಿದರು. ಅವನು ಪಟ್ಟಿ ಕೊಟ್ಟ. ಬೆರಳಿಟ್ಟು ನೋಡುತ್ತಾ ಹೋದರು. "ಅಜ್ಜಿಯೂ ವಿಧವೆ," ಅಂದರು. ಪುಟ ತಿರುಗಿಸಿದರು. "ಇವರೂ. ಇವರೂ." ಬಂದ ಒಂಬತ್ತು ಹೆಂಗಸರಲ್ಲಿ ಎಂಟು ಜನ ವಿಧವೆಯರು. ನನ್ನ ಹೆಂಡತಿ ಸೇರಿದರೆ ಒಂಬತ್ತು. ಕೆಳಗಿನ ಮನೆ ಐದೇ. ಉಳಿದ ವಿಧವೆಯರಿಗೆ ಮೊದಲನೇ ಮಹಡಿ.

ಆಗ ನನಗೆ ಗೊತ್ತಾಯಿತು, ಗಂಡಸರು ಯಾಕೆ ಗೋಡೆ ನೋಡುತ್ತಿದ್ದರು ಅಂತ. ಪಟ್ಟಿ ಎಲ್ಲರೂ ಓದಿದ್ದರು. ಮೆಟ್ಟಿಲು ಹತ್ತುವುದಕ್ಕಿಂತ ಸತ್ತಿರುವುದೇ ವಾಸಿ ಅಂತ ಸುಮ್ಮನಿದ್ದರು.

ಚೇರ್ಮನ್ ಅಮ್ಮ ಪಟ್ಟಿ ಕೆಳಗಿಟ್ಟು ಹೇಳಿದರು. "ಸತ್ತಿರೋರೆಲ್ಲ ಎದ್ದು ನಿಂತ್ಕೊಳ್ಳಿ."

ಒಬ್ಬರೂ ಏಳಲಿಲ್ಲ.

ತಾತ ಅಜ್ಜಿಯನ್ನು ಕೇಳಿದ, "ಏನಂತೆ?"

ಅಜ್ಜಿ ಅವನ ಕಿವಿಯಲ್ಲಿ ಕೂಗಿತು. "ಸತ್ತೋರು ಎದ್ ನಿಲ್ಬೇಕಂತೆ."

"ನಾನ್ ಆಗ್ಲೇ ನಿಂತಿದೀನಲ್ಲ," ಅಂದ ತಾತ.

ಆಮೇಲೆ ಒಬ್ಬೊಬ್ಬರಾಗಿ ಎದ್ದರು. ತಾತ ಸೇರಿ ಎಂಟು ಜನ. ನಾನು ಒಂಬತ್ತನೆಯವನು. ಚೇರ್ಮನ್ ಅಮ್ಮ ನಗು ತಡೆದುಕೊಂಡು ಅಜ್ಜಿಯನ್ನು ಕೇಳಿದರು. "ಯಾಕಮ್ಮಾ, ಹೆಸರು ಹೇಳಿದ್ರೆ ಏನಾಗ್ತಿತ್ತು?"

"ಆಯಸ್ಸು ಕಮ್ಮಿ ಆಗ್ತದಲ್ಲವ್ವಾ."

"ಹೇಳ್ದೇ ಇದ್ದಿದ್ದಕ್ಕೆ ಪೂರ್ತಿ ಹೋಗವ್ರಲ್ಲಮ್ಮಾ ಇಲ್ಲಿ."

ನಾವು ಒಂಬತ್ತು ಜನ ಬದುಕಿದ್ದೇವೆ ಅಂತ ಬರೆದು ಕೈ ಎತ್ತಿ ಪಾಸು ಮಾಡಿದರು. ಎದುರು ಪಾರ್ಟಿಯ ಇಬ್ಬರು ಅಭ್ಯಾಸಬಲದಿಂದ ಕೈ ಎತ್ತಲಿಲ್ಲ. ಆದರೂ ನಾವು ಬಹುಮತದಿಂದ ಬದುಕಿದೆವು.

ಬದುಕಿದ ಮೇಲೆ ಕೆಳಗಿನ ಮನೆ ಇಲ್ಲ. ಇನ್ನು ಮೇಲೆ ಮೆಟ್ಟಿಲು ಹತ್ತಲಾಗದವರಿಗೆ ಕೆಳಗಿನ ಮನೆ ಅಂತ ಅಲ್ಲೇ ಇನ್ನೊಂದು ತೀರ್ಮಾನ ಆಯಿತು. ಚೇರ್ಮನ್ ಅಮ್ಮ ನನ್ನನ್ನು ಕೇಳಿದರು. "ನಿಮಗೆ ಮೆಟ್ಟಿಲು ಹತ್ತಕ್ಕಾಗುತ್ತಾ?"

"ಆಗುತ್ತೆ. ಆಗದೇ ಇದ್ದವಳು ಹೋದಳು. ಆ ಮೂರನೇ ನಂಬರು ಅಜ್ಜಿಗೆ ಕೊಡಿ."

"ಹಂಗಾದ್ರೆ ನಾಲ್ಕನೇ ಮಹಡಿ ಒಂದೇ ಉಳಿದಿರೋದು. ಕೆಳಗಿನ ಮನೆ ಬೇಡ ಅಂದ್ರೆ ಮತ್ಯಾಕೆ ಮನು ಕೊಟ್ರಿ?"

"ಆ ಪದ ತೆಗೀರಿ ಅಮ್ಮಾ. ಆ ಖಾಲಿ ಜಾಗದಲ್ಲಿ ನನ್ನ ಹೆಸರು ಹಾಕಿ. ಸಾಕು."

ಅವರು ಕ್ಲರ್ಕ್ ಕಡೆ ನೋಡಿದರು. ತಿದ್ದಿದ ಪಟ್ಟಿ ಬರಲಿಕ್ಕೆ ಮುಂದಿನ ಮೀಟಿಂಗ್ ಆಗಬೇಕು ಅಂದ ಅವನು. ಅಲ್ಲಿಯ ತನಕ ಹಳೇದೇ ಇರುತ್ತದೆ ಅಂದ. ನಾವೆಲ್ಲ ಮನೆಗೆ ಬಂದೆವು. ನಲವತ್ತು ವರ್ಷ ಪೇಟೆಗೆ ನೀರು ಬಿಟ್ಟವನಿಗೆ ನೀರು ಹತ್ತದ ಮನೆ ಸಿಕ್ಕಿತು ಅಂತ ದಾರೀಲಿ ತಾತ ನಗುತ್ತಿದ್ದ. ಅವನಿಗೆ ಅದನ್ನು ಅಜ್ಜಿ ಎರಡು ಸಲ ಕೂಗಿ ಹೇಳಬೇಕಾಯಿತು.

ಮಾರನೇ ದಿನ ಬೆಳಿಗ್ಗೆ ಆಫೀಸು ತೆಗೆಯುವ ಮುಂಚೆಯೇ ಹೋದೆ. ಪಟ್ಟಿ ಗೋಡೆ ಮೇಲೆ ಹಂಗೇ ಇತ್ತು. ಜೇಬಿಂದ ಪೆನ್ನು ತೆಗೆದೆ. ಆ ಪದದ ಮೇಲೆ ಒಂದು ಗೆರೆ ಎಳೆದೆ. ಅವಳ ಹೆಸರಿನ ಪಕ್ಕ, ಖಾಲಿ ಜಾಗದಲ್ಲಿ, ನನ್ನ ಹೆಸರು ಬರೆದೆ. ನನಗೆ ಬರೆಯಲಿಕ್ಕೆ ಬರುವುದು ಕನ್ನಡ. ಕನ್ನಡದಲ್ಲೇ ಬರೆದೆ. ಅಕ್ಷರ ದಪ್ಪ. ಗೆರೆ ದಾಟಿ ಅವಳ ಹೆಸರಿಗೆ ತಾಗಿತು.

ಕಸ ಗುಡಿಸುವ ಹೆಂಗಸು ಪೊರಕೆ ಹಿಡಿದುಕೊಂಡು ಬಂದು ಹಿಂದೆ ನಿಂತಳು. "ಯಾರ್ದಣ್ಣ ಅದು, ಬರೀತಿರೋದು?"

"ಅವಳು ಹೇಳದೇ ಇದ್ದದ್ದು," ಅಂದೆ.